ದಡದಲ್ಲಿ ಸರಿಯಾಗಿಯೇ ಉಸಿರು ಕೊಟ್ಟ ರೆಗ್ಯುಲೇಟರ್: ಕಾಸರಗೋಡಿನ ಒಂದು ಪ್ರಕರಣ ಅಧ್ಯಯನ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಸುತ್ತಮುತ್ತ ಕಲ್ಲು ತೆಗೆದು ಹಾಗೆಯೇ ಬಿಟ್ಟ ಕೋರೆಗಳು ಬಹಳ ಇವೆ. ಕೆಂಪುಕಲ್ಲಿನ ಕೋರೆಗಳು ಸಾಮಾನ್ಯವಾಗಿ ಹೆಚ್ಚು ಆಳವಿರುವುದಿಲ್ಲ. ಕಗ್ಗಲ್ಲಿನ ಕೋರೆಗಳು ಹಾಗಲ್ಲ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅವು ಗೋಡೆ ನೆಟ್ಟಗಿರುವ, ತಳ ಕಾಣದ ಕೆರೆಗಳಾಗುತ್ತವೆ, ಮತ್ತು ಅವುಗಳ ಅಡಿಯಲ್ಲಿ ಮುರಿದ ಮರ, ಕಬ್ಬಿಣದ ಹಗ್ಗ, ಎಸೆದ ಟಯರು ಎಲ್ಲವೂ ಸೇರಿಕೊಂಡಿರುತ್ತವೆ. ಇಂಥ ನೀರಿಗೆ ಇಳಿಯುವ ಸ್ಥಳೀಯ ಮುಳುಗುತಜ್ಞರು ತಮ್ಮ ಕೆಲಸವನ್ನು ತಾಂತ್ರಿಕ ಮುಳುಗುವಿಕೆ ಎಂದು ಕರೆದುಕೊಳ್ಳುವುದಿಲ್ಲ. ಆದರೆ ಮೇಲೆ ನೇರವಾಗಿ ಬರಲು ಸಾಧ್ಯವಾಗದ ಸ್ಥಿತಿ, ಕಣ್ಣಿಗೆ ಏನೂ ಕಾಣದ ನೀರು, ಜೊತೆಗೆ ಮೈಮುರಿಯುವ ಕೆಲಸ, ಈ ಮೂರೂ ಸೇರಿದಲ್ಲಿ ಉಪಕರಣದ ಮೇಲೆ ಬೀಳುವ ಹೊರೆ ಪ್ರವಾಸಿಗಳಿಗೆ ಹವಳ ತೋರಿಸುವ ಮುಳುಗುವಿಕೆಯದ್ದಲ್ಲ. ಅದು ತಾಂತ್ರಿಕ ಮುಳುಗುವಿಕೆಯ ಹೊರೆಯೇ, ಮತ್ತು ಪರೀಕ್ಷೆಯೂ ಆ ಹೊರೆಗೆ ತಕ್ಕದ್ದಾಗಿರಬೇಕು ಎಂಬುದು ಈ ಬರಹದ ವಾದ. ವಾದಕ್ಕೆ ಆಧಾರವಾಗಿರುವುದು ಒಂದೇ ಒಂದು ರೆಗ್ಯುಲೇಟರಿನ, ಅಂದರೆ ಸಿಲಿಂಡರಿನ ಗಾಳಿಯನ್ನು ಉಸಿರಾಡುವ ಒತ್ತಡಕ್ಕೆ ಇಳಿಸಿ ಬಾಯಿಗೆ ಕೊಡುವ ಸಾಧನದ, ಕಥೆ.

ಘಟನೆ

ಸ್ವಯಂಸೇವಕ ಮುಳುಗುತಜ್ಞರ ಒಂದು ಸಣ್ಣ ತಂಡ, ಬಳಸಿದ ಸ್ಕೂಬಾ ಸಾಮಗ್ರಿಯ ಕೆಲವು ಸೆಟ್ಟುಗಳನ್ನು ದಾನವಾಗಿ ಪಡೆದಿತ್ತು. ಪ್ರತಿ ಸೆಟ್ಟಿನಲ್ಲಿ 12 ಲೀಟರಿನ, 200 ಬಾರ್ ಒತ್ತಡದ ಉಕ್ಕಿನ ಸಿಲಿಂಡರ್, ರೆಗ್ಯುಲೇಟರ್, ಒತ್ತಡ ತೋರಿಸುವ ಗೇಜ್ ಇದ್ದವು. ಮಳೆಗಾಲ ಮುಗಿದ ಮೇಲೆ ಒಂದು ಕಗ್ಗಲ್ಲಿನ ಕೋರೆಗೆ ಜಾರಿಬಿದ್ದಿದ್ದ ಪಂಪ್‌ಸೆಟ್ಟನ್ನು ಎತ್ತಿಕೊಡುವ ಕೆಲಸ ಅವರಿಗೆ ಬಂತು. ಭಾರ ಕಟ್ಟಿದ ಹಗ್ಗದಿಂದ ಅಳೆದಾಗ ಆ ಜಾಗದ ಆಳ 18 ಮೀಟರ್. ಇಳಿದ ಮುಳುಗುತಜ್ಞರು ಕಡಲಿನ ಬಂಡೆಗಳಿಂದ ಪಚ್ಚಿಲೆ ತೆಗೆಯುತ್ತ ಬೆಳೆದವರು. ನೀರು ಅವರಿಗೆ ಹೊಸತಲ್ಲ. ಇಳಿಯುವ ಮೊದಲು ದಡದಲ್ಲಿ ರೆಗ್ಯುಲೇಟರಿನಿಂದ ಉಸಿರಾಡಿ ನೋಡಿದ್ದರು, ಗೇಜು ತುಂಬಿದ ಸಿಲಿಂಡರನ್ನು ತೋರಿಸಿತ್ತು, ಎಲ್ಲಿಯೂ ಗಾಳಿ ಸೋರುತ್ತಿರಲಿಲ್ಲ.

ತಳದಲ್ಲಿ ಅವರು ತಲೆ ಕೆಳಗೆ ಮಾಡಿ ಪಂಪಿನ ಕೆಳಗಿನ ಕೆಸರನ್ನು ಬಗೆದು ಹಗ್ಗ ಸುತ್ತಿದರು. ಕೆಲಸ ಭಾರವಾಗಿತ್ತು. ಸಿಲಿಂಡರಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಗಾಳಿ ಉಳಿದಿದ್ದಾಗ ಉಸಿರು ಗಟ್ಟಿಯಾಗತೊಡಗಿತು. ಎಳೆದಷ್ಟೂ ಗಾಳಿ ಬರಲಿಲ್ಲ. ಎದೆಯ ಮೇಲೆ ತೂಗುತ್ತಿದ್ದ ಎರಡನೆಯ ಬಾಯಿಭಾಗವನ್ನು, ಅಂದರೆ ಆಕ್ಟೋಪಸ್ಸನ್ನು, ಬಾಯಿಗೆ ಇಟ್ಟುಕೊಂಡರು. ಅದರಲ್ಲೂ ಅದೇ ಪಾಡು. ಹಗ್ಗಕ್ಕೆ ಸಂಕೇತ ಕೊಟ್ಟರು, ಮೇಲಿನವರು ಎಳೆದುಕೊಂಡರು. ಮೇಲೆ ಬರುತ್ತಿದ್ದ ಹಾಗೆ ಉಸಿರು ತಾನಾಗಿ ಸಡಿಲವಾಯಿತು. ದಡಕ್ಕೆ ಬಂದ ಮೇಲೆ ಬೇರೊಬ್ಬರು ಅದೇ ರೆಗ್ಯುಲೇಟರನ್ನು ಬಾಯಿಗಿಟ್ಟು ನೋಡಿದರು. ಸಲೀಸಾಗಿ ಗಾಳಿ ಬಂತು.

ಹಾಗಾಗಿ ಅಂದಿನ ತೀರ್ಮಾನ ಬೇಗ ಆಗಿಹೋಯಿತು: ಉಪಕರಣಕ್ಕೆ ಏನೂ ಆಗಿಲ್ಲ, ಮನುಷ್ಯ ಹೆದರಿದ್ದಾನೆ. ಇಂಥ ತೀರ್ಮಾನ ನಮ್ಮಲ್ಲಿ ಸುಲಭವಾಗಿ ಹುಟ್ಟುತ್ತದೆ, ಏಕೆಂದರೆ ಉಪಕರಣವನ್ನು ಕಣ್ಣೆದುರೇ ಪರೀಕ್ಷಿಸಬಹುದು, ಆಳದಲ್ಲಿ ಮನುಷ್ಯನಿಗೆ ಆದದ್ದನ್ನು ಯಾರೂ ನೋಡಿರುವುದಿಲ್ಲ. ಆದರೂ ಮುಳುಗಿದವರು ತಮ್ಮ ಮಾತಿಗೆ ಅಂಟಿಕೊಂಡರು, ಮತ್ತು ತಂಡದ ಹಿರಿಯರು ಆ ಸೆಟ್ಟನ್ನು ಬದಿಗಿಟ್ಟು, ಜಿಲ್ಲೆಯ ತಾಂತ್ರಿಕ ಕಾಲೇಜೊಂದರ ಯಂತ್ರಶಾಸ್ತ್ರ ಪ್ರಯೋಗಾಲಯಕ್ಕೆ, ಅಂದರೆ ನಮ್ಮಲ್ಲಿಗೆ, ತಂದುಕೊಟ್ಟರು. ಅವರು ಹಾಗೆ ಮಾಡಿದ್ದು ಬಹಳ ಒಳ್ಳೆಯ ಕೆಲಸ. ರೆಗ್ಯುಲೇಟರನ್ನು ಅಲ್ಲಿಯೇ ಬಿಚ್ಚಿ ತೊಳೆದಿದ್ದರೆ ಕಾರಣವೂ ತೊಳೆದುಹೋಗುತ್ತಿತ್ತು.

ಮೊದಲ ಸುತ್ತಿನ ಪರೀಕ್ಷೆ

ಸ್ಕೂಬಾ ರೆಗ್ಯುಲೇಟರ್ ಎರಡು ಹಂತಗಳಲ್ಲಿ ಒತ್ತಡ ಇಳಿಸುತ್ತದೆ. ಸಿಲಿಂಡರಿನ ಕತ್ತಿಗೆ ಕೂರುವ ಮೊದಲ ಹಂತವು 200 ಬಾರನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಒಂಬತ್ತು ಹತ್ತು ಬಾರ್ ಹೆಚ್ಚಿನ ಮಧ್ಯಂತರ ಒತ್ತಡಕ್ಕೆ ಇಳಿಸುತ್ತದೆ. ಬಾಯಲ್ಲಿ ಕಚ್ಚುವ ಎರಡನೆಯ ಹಂತವು ಅದನ್ನು ಉಸಿರಾಡುವ ಒತ್ತಡಕ್ಕೆ ತರುತ್ತದೆ. ನಮ್ಮ ಕೈಗೆ ಬಂದದ್ದು ಸಮತೋಲಿತ ಡಯಾಫ್ರಂ ಮಾದರಿಯ ಮೊದಲ ಹಂತ. ಸಿಲಿಂಡರಿನ ಒತ್ತಡ ಇಳಿದರೂ ಮಧ್ಯಂತರ ಒತ್ತಡ ಹೆಚ್ಚುಕಡಿಮೆ ಒಂದೇ ಆಗಿರಬೇಕು ಎಂಬುದೇ ಈ ವಿನ್ಯಾಸದ ಉದ್ದೇಶ. ಸಿಲಿಂಡರ್ ಖಾಲಿಯಾಗುತ್ತ ಬಂದಾಗ ಉಸಿರು ಗಟ್ಟಿಯಾಗುವುದು ಹಳೆಯ ಅಸಮತೋಲಿತ ಪಿಸ್ಟನ್ ಮಾದರಿಗಳ ಸ್ವಭಾವ, ಈ ಮಾದರಿಯದ್ದಲ್ಲ.

ಗಾಳಿಯ ಹರಿವಿಲ್ಲದಾಗ ಮಧ್ಯಂತರ ಒತ್ತಡ 9.6 ಬಾರ್ ಇತ್ತು ಮತ್ತು ಅಲ್ಲಿಯೇ ನಿಂತಿತ್ತು. ಒಳಗಿನ ಕವಾಟದ ಪೀಠ ಸವೆದಿದ್ದರೆ ಈ ಸಂಖ್ಯೆ ನಿಧಾನವಾಗಿ ಮೇಲೇರುತ್ತಿತ್ತು, ಏರಲಿಲ್ಲ. ಎರಡನೆಯ ಹಂತ ಎಷ್ಟು ಎಳೆತಕ್ಕೆ ತೆರೆದುಕೊಳ್ಳುತ್ತದೆ ಎಂಬುದನ್ನು ನೀರು ತುಂಬಿದ ಯು ಆಕಾರದ ಕೊಳವೆಯಿಂದ ಅಳೆದೆವು. ಸುಮಾರು ಮೂರೂವರೆ ಸೆಂಟಿಮೀಟರ್ ನೀರಿನ ಎತ್ತರಕ್ಕೆ ಅದು ತೆರೆಯಿತು, ಇದು ಸರಿಯಾಗಿ ಹೊಂದಿಸಿದ ರೆಗ್ಯುಲೇಟರಿನ ಲಕ್ಷಣವೇ. ಗೇಜನ್ನು ಪ್ರಯೋಗಾಲಯದ ಮಾನಕ ಮಾಪಕದ ಜೊತೆ ಹೋಲಿಸಿದಾಗ ವ್ಯತ್ಯಾಸ ಗಮನಿಸುವಷ್ಟು ಇರಲಿಲ್ಲ. ನೀರಿನ ತೊಟ್ಟಿಯಲ್ಲಿ ಮುಳುಗಿಸಿದಾಗ ಎಲ್ಲಿಯೂ ಗುಳ್ಳೆ ಏಳಲಿಲ್ಲ.

ಅನೇಕ ಕಡೆ ವಾರ್ಷಿಕ ತಪಾಸಣೆ ಎಂಬ ಹೆಸರಿನಲ್ಲಿ ನಡೆಯುವುದು ಇಷ್ಟೇ. ಇಲ್ಲಿಗೆ ನಿಲ್ಲಿಸಿದ್ದರೆ ಈ ರೆಗ್ಯುಲೇಟರಿಗೆ ಸರಿಯಿದೆ ಎಂಬ ಚೀಟಿ ಸಿಗುತ್ತಿತ್ತು.

ಗೇಜಿನ ಮುಳ್ಳು

ಮುಳುಗಿದವರನ್ನು ಕೂರಿಸಿ ಮೊದಲಿನಿಂದ ಕೊನೆಯವರೆಗೆ ನಡೆದದ್ದನ್ನು ಕೇಳಿದಾಗ ಅವರು ಹೇಳಿದ ಒಂದು ವಾಕ್ಯ ಇಡೀ ತನಿಖೆಯ ದಾರಿ ಬದಲಾಯಿಸಿತು: "ಮಾಷ್ಟ್ರೇ, ನಾನು ಎಳೆಯುವಾಗ ಗೇಜಿನ ಮುಳ್ಳು ಕೆಳಗೆ ಹೋಗ್ತದೆ, ಬಿಟ್ಟರೆ ಪುನಃ ಅಲ್ಲಿಗೇ ಬರ್ತದೆ." ಕೆಸರು ನೀರಿನಲ್ಲಿ ಗೇಜನ್ನು ಟಾರ್ಚಿನ ಬೆಳಕಿನಲ್ಲಿ ಮುಖಕ್ಕೆ ತಾಗಿಸಿ ಹಿಡಿದು ಅವರು ಅದನ್ನು ಗಮನಿಸಿದ್ದರು. ಹೆದರಿ ಕಂಗೆಟ್ಟವರು ಹೀಗೆ ಗಮನಿಸುವುದಿಲ್ಲ.

ಈ ಮಾತಿನ ತೂಕ ಗೇಜು ಎಲ್ಲಿ ಜೋಡಣೆಯಾಗಿದೆ ಎಂಬುದರಲ್ಲಿದೆ. ಗೇಜಿನ ಕೊಳವೆ ಹೊರಡುವುದು ಮೊದಲ ಹಂತದ ಒಳಗಿನ ಅಧಿಕ ಒತ್ತಡದ ಕೋಣೆಯಿಂದ. ಸಿಲಿಂಡರಿನ ಕವಾಟ ಮತ್ತು ಮೊದಲ ಹಂತದ ಬಾಯಲ್ಲಿರುವ ಶೋಧಕ, ಇವೆರಡನ್ನೂ ದಾಟಿದ ಮೇಲೆಯೇ ಗಾಳಿ ಆ ಕೋಣೆಗೆ ಬರುತ್ತದೆ. ಅಡಚಣೆ ಕೋಣೆಯ ಆಚೆಗೆ, ಅಂದರೆ ಕಡಿಮೆ ಒತ್ತಡದ ಕೊಳವೆಯಲ್ಲಿಯೋ ಎರಡನೆಯ ಹಂತದಲ್ಲಿಯೋ ಇದ್ದರೆ, ಉಸಿರು ಗಟ್ಟಿಯಾದರೂ ಮುಳ್ಳು ಅಲುಗಾಡುವುದಿಲ್ಲ. ಉಸಿರಿನ ಜೊತೆ ಮುಳ್ಳು ಕುಸಿದು ಮತ್ತೆ ಏರುತ್ತದೆ ಎಂದಾದರೆ ಅಡಚಣೆ ಕೋಣೆಗೂ ಮೊದಲೇ ಇದೆ. ಸಂಶಯಕ್ಕೆ ಉಳಿಯುವುದು ಎರಡೇ: ಪೂರ್ತಿ ತೆರೆಯದ ಕವಾಟ, ಇಲ್ಲವೇ ಕಟ್ಟಿಹೋದ ದಾರಿ. ಕವಾಟವನ್ನು ಪೂರ್ತಿ ತೆರೆದಿದ್ದೆವು ಎಂದು ಹಗ್ಗ ಹಿಡಿದವರು ಹೇಳಿದರು. ಅವರನ್ನು ನಂಬದೆ ಇರಲು ಕಾರಣವಿರಲಿಲ್ಲ, ಆದರೆ ಪ್ರಯೋಗಾಲಯ ನಂಬಿಕೆಯ ಮೇಲೆ ಬರೆದುಕೊಳ್ಳುವಂತಿಲ್ಲ. ಅದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕಾಯಿತು.

ಬೆಂಚಿನ ಮೇಲೆ 18 ಮೀಟರ್

ಆಳ ಏರಿದಂತೆ ಉಸಿರಾಟಕ್ಕೆ ಬೇಕಾಗುವ ಗಾಳಿಯ ರಾಶಿ ಏರುತ್ತದೆ. ಸಿಹಿನೀರಿನಲ್ಲಿ 18 ಮೀಟರಿಗೆ ಸುತ್ತಲಿನ ಒಟ್ಟು ಒತ್ತಡ ಸುಮಾರು 2.8 ಬಾರ್, ಒಂದು ಉಸಿರಿಗೆ ದಡದಲ್ಲಿ ಬೇಕಾಗುವ ಗಾಳಿಯ 2.8 ಪಟ್ಟು ಅಲ್ಲಿ ಬೇಕು. ಭಾರದ ಕೆಲಸದಲ್ಲಿ ಉಸಿರಾಟದ ಪ್ರಮಾಣವೇ ದೊಡ್ಡದು. ಸ್ಕೂಬಾ ರೆಗ್ಯುಲೇಟರುಗಳ ಯುರೋಪಿಯನ್ ಮಾನಕವಾದ ಇಎನ್ 250, ಉಸಿರಾಟದ ಯಂತ್ರವನ್ನು ನಿಮಿಷಕ್ಕೆ 25 ಸಲ, ಪ್ರತಿ ಸಲ 2.5 ಲೀಟರಿನಂತೆ ಓಡಿಸಬೇಕೆಂದು ಹೇಳುತ್ತದೆ, ಅಂದರೆ ನಿಮಿಷಕ್ಕೆ 62.5 ಲೀಟರ್. ನಾವೂ ಅದನ್ನೇ ಹಿಡಿದುಕೊಂಡೆವು. ಆದರೆ ಉಸಿರು ಸಮನಾಗಿ ಹರಿಯುವುದಿಲ್ಲ; ಎಳೆತದ ನಡುವಿನಲ್ಲಿ ಹರಿವು ಶಿಖರಕ್ಕೆ ಹೋಗುತ್ತದೆ. ಸೈನ್ ಅಲೆಯಂತೆ ಏರಿಳಿಯುವ ಉಸಿರಿನಲ್ಲಿ ಶಿಖರದ ಹರಿವು ಸರಾಸರಿಯ 3.14 ಪಟ್ಟು, ಅಂದರೆ ನಿಮಿಷಕ್ಕೆ 196 ಲೀಟರಿನ ವೇಗ. ಅದನ್ನು 2.8ರಿಂದ ಗುಣಿಸಿದರೆ ದಡದ ಅಳತೆಯಲ್ಲಿ ಸುಮಾರು 550 ಲೀಟರ್. ದಡದಲ್ಲಿ ಕುಳಿತು ನೆಮ್ಮದಿಯಿಂದ ನಿಮಿಷಕ್ಕೆ 15ರಿಂದ 20 ಲೀಟರ್ ಉಸಿರಾಡುವವರ ಶಿಖರದ ಹರಿವು ಅರುವತ್ತರ ಆಸುಪಾಸು. ದಡದ ಪರೀಕ್ಷೆಗೂ ತಳದ ಕೆಲಸಕ್ಕೂ ನಡುವೆ ಒಂಬತ್ತು ಪಟ್ಟು ಅಂತರವಿದೆ. ರೆಗ್ಯುಲೇಟರನ್ನು ಬಾಯಿಗಿಟ್ಟು ನೋಡಿದೆ, ಸರಿ ಇದೆ ಎಂಬ ಮಾತಿನಿಂದ ಈ ಅಂತರದ ಬಗ್ಗೆ ಏನೂ ತಿಳಿಯುವುದಿಲ್ಲ.

ಉಸಿರಾಟದ ಯಂತ್ರವಾಗಲಿ ಅದನ್ನು ಇಡುವ ಒತ್ತಡದ ಕೋಣೆಯಾಗಲಿ ನಮ್ಮಲ್ಲಿಲ್ಲ. ಇರುವುದರಲ್ಲಿ ಮಾಡಿದ್ದು ಹೀಗೆ. ಎರಡು ಬಾಯಿಗಳಿರುವ ಸಿಲಿಂಡರ್ ಕವಾಟವೊಂದನ್ನು ಎರವಲು ತಂದು, ಒಂದು ಬಾಯಿಗೆ ಮಾಪಕ ಕೂರಿಸಿದೆವು; ಇದು ಶೋಧಕಕ್ಕಿಂತ ಮೊದಲಿನ, ಸಿಲಿಂಡರಿನ ನಿಜವಾದ ಒತ್ತಡವನ್ನು ತೋರಿಸುತ್ತದೆ. ಇನ್ನೊಂದು ಬಾಯಿಗೆ ಸಂಶಯದ ರೆಗ್ಯುಲೇಟರನ್ನು ಕೂರಿಸಿ, ಅದರ ಅಧಿಕ ಒತ್ತಡದ ಕೋಣೆಗೆ ಎರಡನೆಯ ಮಾಪಕ, ಕಡಿಮೆ ಒತ್ತಡದ ಒಂದು ದ್ವಾರಕ್ಕೆ ಮೂರನೆಯ ಮಾಪಕ ಹಾಕಿ, ಮತ್ತೊಂದು ದ್ವಾರದಿಂದ ಗಾಳಿಯನ್ನು ಸೂಜಿ ಕವಾಟ ಮತ್ತು ಹರಿವುಮಾಪಕದ ಮೂಲಕ ಹೊರಗೆ ಬಿಟ್ಟೆವು. ಹರಿವುಮಾಪಕದ ಮೇಲೆ ಒಬ್ಬಂಟಿಯಾಗಿ ಭರವಸೆ ಇಡಬಾರದೆಂದು ಸಿಲಿಂಡರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದೆವು. ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ ತೂಗುತ್ತದೆ, ಆದ್ದರಿಂದ ನಿಮಿಷಕ್ಕೆ 550 ಲೀಟರ್ ಹರಿಯುತ್ತಿದ್ದರೆ ಅರ್ಧ ನಿಮಿಷದಲ್ಲಿ 330 ಗ್ರಾಂ ಇಳಿಯಬೇಕು. ಎರಡೂ ಅಳತೆ ತಾಳೆಯಾದವು. ಒತ್ತಡದ ಸಾಮಾನಿನ ಜೊತೆ ಕೆಲಸ ಮಾಡುವಾಗ ಒಂದೇ ಸಂಖ್ಯೆಯನ್ನು ಎರಡು ಬೇರೆ ದಾರಿಗಳಲ್ಲಿ ಪಡೆಯುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದು ಅಪರೂಪ.

ಸಿಲಿಂಡರ್ 200 ಬಾರ್ ಇದ್ದಾಗ 550 ಲೀಟರಿನ ಹರಿವಿಗೆ ಕೋಣೆಯ ಮಾಪಕ 188ರ ಹತ್ತಿರಕ್ಕೆ ಇಳಿಯಿತು. ಇಳಿಯಬಾರದಿತ್ತು, ಆದರೆ ಮಧ್ಯಂತರ ಒತ್ತಡ ಗಟ್ಟಿಯಾಗಿಯೇ ಇತ್ತು. ಈ ಸ್ಥಿತಿಯಲ್ಲಿ ಉಸಿರಾಡುವವರಿಗೆ ಏನೂ ತಿಳಿಯುವುದಿಲ್ಲ. ಸಿಲಿಂಡರ್ 100ಕ್ಕೆ ಇಳಿದಾಗ ಅದೇ ಹರಿವಿಗೆ ಕೋಣೆಯಲ್ಲಿ ಉಳಿದದ್ದು 70. ಸಿಲಿಂಡರ್ 80 ಬಾರಿಗೆ ಬಂದಾಗ 550 ಲೀಟರಿನ ಹರಿವನ್ನು ಹೊಂದಿಸಲು ಸಾಧ್ಯವೇ ಆಗಲಿಲ್ಲ. ಕೋಣೆಯ ಒತ್ತಡ ಕುಸಿದುಬಿತ್ತು, ಅದರ ಜೊತೆ ಮಧ್ಯಂತರ ಒತ್ತಡವೂ ನಾಲ್ಕು ಬಾರಿಗಿಂತ ಕೆಳಗೆ ಹೋಯಿತು. ಸೂಜಿ ಕವಾಟವನ್ನು ಮುಚ್ಚಿದ ಕೂಡಲೇ ಎಲ್ಲ ಮುಳ್ಳುಗಳೂ ತಮ್ಮ ಜಾಗಕ್ಕೆ ಮರಳಿದವು. ಮುಳುಗುತಜ್ಞರು ಕೋರೆಯ ತಳದಲ್ಲಿ ನೋಡಿದ್ದು ಇದನ್ನೇ. ಅದೇ 80 ಬಾರಿನಲ್ಲಿ ಹರಿವನ್ನು 60 ಲೀಟರಿಗೆ ಇಳಿಸಿದಾಗ ಯಾವ ಮಾಪಕದಲ್ಲಿಯೂ ಕಣ್ಣಿಗೆ ಕಾಣುವ ಬದಲಾವಣೆ ಇರಲಿಲ್ಲ. ದಡದಲ್ಲಿ ಆ ದಿನ ಅದನ್ನು ಬಾಯಿಗಿಟ್ಟವರು ಹೇಳಿದ್ದು ಕೂಡ ಸುಳ್ಳಲ್ಲ.

ಇದರ ಹಿಂದಿನ ಭೌತಶಾಸ್ತ್ರ ಸರಳ. ಸಣ್ಣ ರಂಧ್ರದ ಮೂಲಕ ಅನಿಲ ತನ್ನ ಗರಿಷ್ಠ ವೇಗದಲ್ಲಿ ನುಗ್ಗುವಾಗ, ಎಷ್ಟು ರಾಶಿ ದಾಟಬಲ್ಲದು ಎಂಬುದು ರಂಧ್ರದ ಹಿಂದಿನ ಒತ್ತಡಕ್ಕೆ ಅನುಪಾತದಲ್ಲಿರುತ್ತದೆ. 200 ಬಾರಿನಲ್ಲಿ 1200 ಲೀಟರ್ ಬಿಡಬಲ್ಲ ರಂಧ್ರ 50 ಬಾರಿನಲ್ಲಿ 300 ಲೀಟರ್ ಮಾತ್ರ ಬಿಡುತ್ತದೆ. ಹೀಗಾಗಿ ಸಮಯ ಕಳೆದಂತೆ ಪೂರೈಕೆಯ ಮಿತಿ ಇಳಿಯುತ್ತ ಹೋಗುತ್ತದೆ, ಆಳ ಮತ್ತು ಶ್ರಮದಿಂದ ಬೇಡಿಕೆ ಏರುತ್ತ ಹೋಗುತ್ತದೆ, ಇವೆರಡೂ ಒಂದನ್ನೊಂದು ದಾಟುವ ಬಿಂದು ನೀರಿನ ತಳದಲ್ಲಿ, ಕೆಲಸದ ನಡುವೆ ಬರುತ್ತದೆ. ತುಂಬಿದ ಸಿಲಿಂಡರ್, ದಡ, ಶಾಂತ ಉಸಿರು, ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಮಾಡುವ ಪರೀಕ್ಷೆಯಲ್ಲಿ ಈ ದೋಷ ಬಯಲಾಗುವ ಸಾಧ್ಯತೆಯೇ ಇಲ್ಲ. ಉಸಿರು ಸಾಲದಾದಾಗ ದೇಹದಲ್ಲಿ ಕಾರ್ಬನ್ ಡೈಆಕ್ಸೈಡ್ ಶೇಖರವಾಗಿ ಉಸಿರಿನ ಹಸಿವು, ತಳಮಳ ಹೆಚ್ಚುತ್ತವೆ ಎಂಬುದನ್ನೂ ಸೇರಿಸಿಕೊಂಡರೆ, ಹೆದರಿಕೆ ಎಂದು ಹೊರಗಿನವರಿಗೆ ಕಂಡದ್ದು ಕಾರಣವಾಗಿರಲಿಲ್ಲ, ಪರಿಣಾಮವಾಗಿತ್ತು.

ಕವಾಟದ ಪ್ರಶ್ನೆ ಉಳಿದಿತ್ತು. ಸರಿಯಿರುವ ಬೇರೊಂದು ರೆಗ್ಯುಲೇಟರನ್ನು ಕೂರಿಸಿ ಕವಾಟವನ್ನು ಬೇಕೆಂದೇ ಅರೆಬರೆ ತೆರೆದಾಗ ಅದೇ ಲಕ್ಷಣಗಳು ಬಂದವು. ಪೂರ್ತಿ ತೆರೆದಾಗ ಹೋದವು. ಸಂಶಯದ ರೆಗ್ಯುಲೇಟರಿನಲ್ಲಿ ಕವಾಟ ಪೂರ್ತಿ ತೆರೆದಿದ್ದರೂ ಲಕ್ಷಣಗಳು ಉಳಿದವು. ಹಗ್ಗ ಹಿಡಿದವರ ಮೇಲಿನ ಸಂಶಯ ಅಲ್ಲಿಗೆ ಕಳೆಯಿತು.

ಶೋಧಕ ಮತ್ತು ಸಿಲಿಂಡರ್

ಇದಾದ ಮೇಲೆಯೇ ಮೊದಲ ಹಂತವನ್ನು ಬಿಚ್ಚಿದ್ದು. ಅದರ ಬಾಯಲ್ಲಿರುವ ಶೋಧಕ ಲೋಹದ ಸಣ್ಣ ಕಣಗಳನ್ನು ಕಾಯಿಸಿ ಬೆಸೆದು ಮಾಡಿದ, ಬೆರಳ ತುದಿಗಿಂತ ಚಿಕ್ಕದಾದ ಒಂದು ಬಿಲ್ಲೆ. ಅದರ ಮುಖವೆಲ್ಲ ಕೆಂಗಂದು ಬಣ್ಣದ ನುಣ್ಣನೆಯ ಪುಡಿಯಿಂದ ಮುಚ್ಚಿತ್ತು. ಈ ಬಣ್ಣಕ್ಕೆ ಮಹತ್ವವಿದೆ. ಹಸಿರು ಬಣ್ಣವಾಗಿದ್ದರೆ ಉಪ್ಪುನೀರು ರೆಗ್ಯುಲೇಟರಿನೊಳಗೆ ನುಗ್ಗಿ ಹಿತ್ತಾಳೆಯನ್ನು ಕೆಡಿಸಿದೆ ಎಂದು ತಿಳಿಯಬೇಕು. ಕಪ್ಪಾಗಿದ್ದರೆ ಕಂಪ್ರೆಸರಿನ ಶೋಧಕದೊಳಗಿನ ಇದ್ದಿಲ ಪುಡಿ ಸಿಲಿಂಡರಿಗೆ ಬಂದಿದೆ ಎಂದು ಊಹಿಸಬೇಕು. ಕೆಂಗಂದು ಎಂದರೆ ಉಕ್ಕಿನ ತುಕ್ಕು. ದೋಷ ಕಂಡದ್ದು ರೆಗ್ಯುಲೇಟರಿನಲ್ಲಿ, ಅದರ ಮೂಲ ಸಿಲಿಂಡರಿನಲ್ಲಿ.

ಸಿಲಿಂಡರನ್ನು ಪೂರ್ತಿ ಖಾಲಿ ಮಾಡಿ, ಕವಾಟ ಕಳಚಿ, ಒಳಗೆ ದೀಪ ಇಳಿಸಿ ನೋಡಲಾಯಿತು. ತಳದಲ್ಲಿ ಮತ್ತು ಒಂದು ಮಗ್ಗುಲಿನ ಉದ್ದಕ್ಕೂ ತುಕ್ಕು ಇತ್ತು. ಮಲಗಿಸಿಟ್ಟಾಗ ಒಳಗಿನ ತೇವ ಎಲ್ಲಿ ನಿಂತಿತ್ತೋ ಅಲ್ಲಿ. ಕವಾಟದ ಅಡಿಯಿಂದ ಸಿಲಿಂಡರಿನೊಳಕ್ಕೆ ಚಾಚಿರಬೇಕಾದ ಗಿಡ್ಡ ಕೊಳವೆಯೂ ಕಾಣೆಯಾಗಿತ್ತು. ನೋಡಲು ಅದು ಒಂದು ಬೆರಳುದ್ದದ ಸಾಮಾನು ಕೊಳವೆ, ಆದರೆ ಮುಳುಗುತಜ್ಞರು ತಲೆ ಕೆಳಗೆ ಮಾಡಿದಾಗ ಸಿಲಿಂಡರಿನೊಳಗಿನ ಕಸ ಮತ್ತು ನೀರು ಕತ್ತಿನ ಸುತ್ತ ಜಮೆಯಾಗಿ ನಿಲ್ಲುವಂತೆ, ನೇರವಾಗಿ ಕವಾಟಕ್ಕೆ ಬೀಳದಂತೆ ತಡೆಯುವುದು ಅದೇ. ಕೋರೆಯ ತಳದಲ್ಲಿ ತಲೆ ಕೆಳಗಾಗಿಸಿ ಕೆಸರು ಬಗೆಯುವವರಿಗೆ ಅದಿಲ್ಲದ ಕವಾಟ ಕೊಡಲೇಬಾರದು.

ತೇವ ಎಲ್ಲಿಂದ ಬಂತು ಎಂಬುದಕ್ಕೆ ನಮ್ಮ ಊರಿನ ಹವೆಯೇ ಅರ್ಧ ಉತ್ತರ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ಕರಾವಳಿಯಲ್ಲಿ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿ, ಸಾಪೇಕ್ಷ ಆರ್ದ್ರತೆ 90 ಶೇಕಡಾ ಇದ್ದರೆ, ಒಂದು ಘನಮೀಟರಿನಲ್ಲಿ ಸುಮಾರು 27 ಗ್ರಾಂ ನೀರಾವಿಯನ್ನು ಹೊತ್ತಿರುತ್ತದೆ. 12 ಲೀಟರಿನ ಸಿಲಿಂಡರಿಗೆ 200 ಬಾರ್ ತುಂಬಿಸಲು 2.4 ಘನಮೀಟರ್ ಗಾಳಿ ಬೇಕು. ಅಂದರೆ ಒಂದೊಂದು ಸಲ ತುಂಬಿಸುವಾಗಲೂ ಕಂಪ್ರೆಸರಿನ ಬಾಯಿಗೆ 65 ಗ್ರಾಂ ನೀರು ಹೋಗುತ್ತದೆ. ಉಸಿರಾಟದ ಗಾಳಿಯ ಮಾನಕ ಇಎನ್ 12021 ಪ್ರಕಾರ, 200 ಬಾರ್‌ವರೆಗಿನ ಸಿಲಿಂಡರಿನಲ್ಲಿ ಘನಮೀಟರಿಗೆ 50 ಮಿಲಿಗ್ರಾಂಗಿಂತ ಹೆಚ್ಚು ನೀರು ಇರಕೂಡದು, ಅಂದರೆ ಇಡೀ ಸಿಲಿಂಡರಿಗೆ 120 ಮಿಲಿಗ್ರಾಂ. ಉಳಿದದ್ದೆಲ್ಲವನ್ನೂ ಕಂಪ್ರೆಸರಿನ ನೀರು ಬೇರ್ಪಡಿಸುವ ಪಾತ್ರೆಗಳು ಮತ್ತು ಒಣಗಿಸುವ ಶೋಧಕ ಹಿಡಿದುಹಾಕಬೇಕು. ಪಾತ್ರೆಯಲ್ಲಿ ಸೇರಿದ ನೀರನ್ನು ತುಂಬಿಸುವ ನಡುನಡುವೆ ಹೊರಬಿಡದಿದ್ದರೆ, ಶೋಧಕದ ಒಳಸಾಮಗ್ರಿಯನ್ನು ಗಂಟೆಗಳ ಲೆಕ್ಕದಲ್ಲಿ ಬದಲಿಸದಿದ್ದರೆ, ಆ ನೀರು ಸಿಲಿಂಡರಿಗೆ ಹೋಗುತ್ತದೆ. ಒಣಹವೆಯ ಊರಿಗೆಂದು ಬರೆದ ಬದಲಾವಣೆಯ ಅವಧಿ ನಮ್ಮ ಜುಲೈ ತಿಂಗಳಿಗೆ ಸಾಲುವುದಿಲ್ಲ. ಈ ತಂಡ ಗಾಳಿ ತುಂಬಿಸಿಕೊಳ್ಳುತ್ತಿದ್ದ ಕಡೆ ಬದಲಾವಣೆಯ ದಾಖಲೆಯೇ ಇರಲಿಲ್ಲ.

ಗಾಳಿಯ ಗುಣವನ್ನೂ ನೋಡಿದೆವು. ಇನ್ನೊಂದು ಸೆಟ್ಟಿನಲ್ಲಿ ಉಳಿದಿದ್ದ ಗಾಳಿಯನ್ನು ಪತ್ತೆಕೊಳವೆಗಳ ಮೂಲಕ ಬಿಟ್ಟಾಗ ನೀರಿನ ಅಂಶ ಮಿತಿ ಮೀರಿತ್ತು. ಕಾರ್ಬನ್ ಮಾನಾಕ್ಸೈಡ್ ಮಾನಕದ ಮಿತಿಯಾದ ದಶಲಕ್ಷಕ್ಕೆ 5 ಭಾಗದ ಒಳಗೇ ಇತ್ತು. ಆಮ್ಲಜನಕವನ್ನು ಅಳೆಯುವುದನ್ನು ಅನೇಕರು ಅನಗತ್ಯವೆಂದು ಭಾವಿಸುತ್ತಾರೆ, ಆದರೆ ತುಕ್ಕು ಹಿಡಿಯುವುದೆಂದರೆ ಕಬ್ಬಿಣ ಆಮ್ಲಜನಕವನ್ನು ತಿನ್ನುವುದು. ತೇವವಿರುವ ಉಕ್ಕಿನ ಸಿಲಿಂಡರಿನಲ್ಲಿ ಗಾಳಿಯನ್ನು ತಿಂಗಳುಗಟ್ಟಲೆ ಇಟ್ಟರೆ ಅದರ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿಯಬಲ್ಲದು, ಮತ್ತು ಅದಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಇಲ್ಲಿ ಅದು ಸರಿಯಾಗಿತ್ತು.

ಸಿಲಿಂಡರಿನ ಬಲದ ಪರೀಕ್ಷೆಯನ್ನು ನಾವು ಮಾಡಲಿಲ್ಲ, ಮಾಡಬಾರದು ಕೂಡ. ಭಾರತದಲ್ಲಿ ಇದು 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಅಡಿ ಬರುವ ವಿಷಯ; ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೋ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರವೇ ಅದನ್ನು ಮಾಡಬೇಕು. ಅಲ್ಲಿ ಸಿಲಿಂಡರಿಗೆ ನೀರು ತುಂಬಿ, ನೀರಿನ ಕವಚದೊಳಗೆ ಇಟ್ಟು, ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡಕ್ಕೆ ಏರಿಸುತ್ತಾರೆ, ಸಿಲಿಂಡರ್ ಎಷ್ಟು ಹಿಗ್ಗಿತು ಮತ್ತು ಒತ್ತಡ ತೆಗೆದ ಮೇಲೆ ಎಷ್ಟು ಹಿಗ್ಗು ಹಾಗೆಯೇ ಉಳಿಯಿತು ಎಂದು ಅಳೆಯುತ್ತಾರೆ. ನೀರನ್ನು ಬಳಸುವುದು ಅದು ಒತ್ತಿದರೆ ಕುಗ್ಗುವುದು ಅತ್ಯಲ್ಪವಾದ್ದರಿಂದ. ಸಿಲಿಂಡರ್ ಒಡೆದರೂ ಗಾಳಿ ತುಂಬಿದ್ದಾಗ ಆಗುವಂಥ ಸ್ಫೋಟ ಆಗುವುದಿಲ್ಲ.

ಆಕ್ಟೋಪಸ್ ಏಕೆ ಸಹಾಯಕ್ಕೆ ಬರಲಿಲ್ಲ

ಈ ಪ್ರಕರಣದಲ್ಲಿ ತಂಡದವರನ್ನು ಹೆಚ್ಚು ಕಲಕಿದ ಸಂಗತಿ ಇದು. ಒಂದು ಕೆಟ್ಟರೆ ಇನ್ನೊಂದು ಇದೆ ಎಂಬ ಧೈರ್ಯದಲ್ಲಿ ಅವರೆಲ್ಲ ನೀರಿಗೆ ಇಳಿಯುತ್ತಿದ್ದರು. ಆದರೆ ಆಕ್ಟೋಪಸ್ ಅದೇ ಮೊದಲ ಹಂತದಿಂದ, ಅದೇ ಶೋಧಕವನ್ನು ದಾಟಿ ಬಂದ ಗಾಳಿಯನ್ನೇ ಕುಡಿಯುತ್ತದೆ. ಎರಡನೆಯ ಹಂತ ಕೆಟ್ಟರೆ ಮಾತ್ರ ಅದು ಬದಲಿ. ಮೊದಲ ಹಂತಕ್ಕೆ, ಶೋಧಕಕ್ಕೆ, ಸಿಲಿಂಡರಿಗೆ ಅದು ಬದಲಿಯಲ್ಲ. ಅದಕ್ಕಿಂತ ಕೆಟ್ಟ ಸ್ಥಿತಿಯೂ ಇದೆ: ಗಾಳಿ ಮುಗಿದ ಜೊತೆಗಾರರು ಬಂದು ಇದೇ ಆಕ್ಟೋಪಸ್ಸಿನಿಂದ ಉಸಿರಾಡತೊಡಗಿದ್ದರೆ ಬೇಡಿಕೆ ದುಪ್ಪಟ್ಟಾಗಿ ಇಬ್ಬರಿಗೂ ಗಾಳಿ ಸಾಲದಾಗುತ್ತಿತ್ತು.

ತಾಂತ್ರಿಕ ಮುಳುಗುವಿಕೆಯಲ್ಲಿ ಈ ಕಾರಣಕ್ಕಾಗಿಯೇ ಪ್ರತ್ಯೇಕ ಸಿಲಿಂಡರಿಗೆ ಪ್ರತ್ಯೇಕ ಮೊದಲ ಹಂತ ಕೂರಿಸಿದ ಪೂರ್ತಿ ಸ್ವತಂತ್ರ ವ್ಯವಸ್ಥೆಯನ್ನು ಜೊತೆಗೆ ಒಯ್ಯುತ್ತಾರೆ. ತಂಡಕ್ಕೆ ನಾವು ಅದನ್ನೇ ಸೂಚಿಸಿದೆವು, ಒಂದು ಎಚ್ಚರಿಕೆಯ ಜೊತೆ. ಎರಡೂ ಸಿಲಿಂಡರುಗಳನ್ನು ಅದೇ ಒದ್ದೆ ಗಾಳಿಯ ಕಂಪ್ರೆಸರಿನಿಂದ ತುಂಬಿಸಿ, ಅದೇ ಕೋಣೆಯಲ್ಲಿ ಅದೇ ರೀತಿ ಮಲಗಿಸಿಟ್ಟರೆ, ಎರಡಕ್ಕೂ ಒಟ್ಟಿಗೇ ತುಕ್ಕು ಹಿಡಿಯುತ್ತದೆ, ಎರಡು ಶೋಧಕಗಳೂ ಒಂದೇ ಕಾಲಕ್ಕೆ ಕಟ್ಟಿಕೊಳ್ಳುತ್ತವೆ. ಸಾಮಾನು ಎರಡಾದ ಮಾತ್ರಕ್ಕೆ ಭದ್ರತೆ ಎರಡಾಗುವುದಿಲ್ಲ. ಕೆಡುವ ಕಾರಣಗಳು ಬೇರೆಬೇರೆಯಾಗಿದ್ದರೆ ಮಾತ್ರ ಆಗುತ್ತದೆ. ವಿಶ್ವಾಸಾರ್ಹತೆಯ ಲೆಕ್ಕದಲ್ಲಿ ಎರಡು ಸಣ್ಣ ಸಂಭವನೀಯತೆಗಳನ್ನು ಗುಣಿಸಿ ಇನ್ನೂ ಸಣ್ಣ ಸಂಖ್ಯೆ ಪಡೆಯುವ ಅಧಿಕಾರ ನಮಗೆ ಬರುವುದು ಆಗಲೇ. ಎಂಜಿನಿಯರಿಂಗ್ ತರಗತಿಯಲ್ಲಿ ಇದನ್ನು ಹೇಳುತ್ತೇವೆ, ಆದರೂ ಕಾರಖಾನೆಯಿಂದ ಆಸ್ಪತ್ರೆಯವರೆಗೆ ಜನರೇಟರು, ಪಂಪು, ಸಿಲಿಂಡರುಗಳ ವಿಚಾರದಲ್ಲಿ ಇದನ್ನು ಮರೆತ ಜೋಡಣೆಗಳು ಎಷ್ಟೋ ಕಾಣಸಿಗುತ್ತವೆ.

ನಮ್ಮ ಪರೀಕ್ಷೆಯ ಮೇರೆ

ಬೆಂಚಿನ ಮೇಲೆ ಮಾಡಿದ್ದು ಮೊದಲ ಹಂತದ ಹರಿವಿನ ಪರೀಕ್ಷೆ ಮಾತ್ರ. ಇಎನ್ 250 ಕೇಳುವ ಪೂರ್ಣ ಪರೀಕ್ಷೆಯಲ್ಲಿ ರೆಗ್ಯುಲೇಟರನ್ನು ನೀರಿನೊಳಗೆ, 50 ಮೀಟರ್ ಆಳಕ್ಕೆ ಸಮನಾದ 6 ಬಾರ್ ಒತ್ತಡದ ಕೋಣೆಯಲ್ಲಿಟ್ಟು, ಪ್ರತಿ ಉಸಿರಿನ ಒತ್ತಡ ಮತ್ತು ಘನ ಅಳತೆಯ ವಕ್ರರೇಖೆಯನ್ನು ಬರೆಯುತ್ತಾರೆ. ಆ ರೇಖೆಯೊಳಗಿನ ವಿಸ್ತೀರ್ಣವೇ ಉಸಿರಾಟದ ಶ್ರಮ. ಅದು ಲೀಟರಿಗೆ 3 ಜೂಲ್ ಮೀರಬಾರದು, ಒಳಕ್ಕೂ ಹೊರಕ್ಕೂ ಒತ್ತಡ 25 ಮಿಲಿಬಾರ್ ದಾಟಬಾರದು. ತಣ್ಣೀರಿನಲ್ಲಿ ಮೊದಲ ಹಂತ ಹೆಪ್ಪುಗಟ್ಟುತ್ತದೆಯೋ ಎಂಬ ಪರೀಕ್ಷೆ ಬೇರೆ. ಕಾಸರಗೋಡಿನ ಕೋರೆಗಳಿಗೆ ಅದು ಸಂಬಂಧಿಸಿದ್ದಲ್ಲ. ಅಮೆರಿಕದ ನೌಕಾಪಡೆ ಫ್ಲೋರಿಡಾದ ಪನಾಮಾ ಸಿಟಿಯಲ್ಲಿ ಇಂಥ ಅಳತೆಗಳಿಗಾಗಿಯೇ ಪ್ರತ್ಯೇಕ ಪ್ರಾಯೋಗಿಕ ಘಟಕವನ್ನು ನಡೆಸುತ್ತದೆ.

ಇದೇ ಹೊತ್ತಿನಲ್ಲಿ ದಾನಿಯೊಬ್ಬರು ತಂಡಕ್ಕೆ ಬಳಸಿದ ರಿಬ್ರೀದರ್ ಒಂದನ್ನು ಕೊಡಲು ಮುಂದೆ ಬಂದರು. ಬಿಟ್ಟ ಉಸಿರನ್ನೇ ಶುದ್ಧಗೊಳಿಸಿ, ಆಮ್ಲಜನಕ ಸೇರಿಸಿ ಮರಳಿ ಕೊಡುವ ಈ ಉಪಕರಣದಿಂದ ಬಹಳ ಹೊತ್ತು ನೀರಿನಲ್ಲಿರಬಹುದು ಎಂಬುದು ನಿಜ. ನಾವು ಬೇಡವೆಂದೆವು. ಅದರ ರಾಸಾಯನಿಕ ಡಬ್ಬಿ ಎಷ್ಟು ಹೊತ್ತು ಕಾರ್ಬನ್ ಡೈಆಕ್ಸೈಡನ್ನು ಹಿಡಿದಿಡುತ್ತದೆ ಎಂದು ತಿಳಿಯಲು, ಇಎನ್ 14143 ಹೇಳುವಂತೆ, ಉಸಿರಾಟದ ಯಂತ್ರಕ್ಕೆ ನಿಮಿಷಕ್ಕೆ 1.6 ಲೀಟರ್ ಕಾರ್ಬನ್ ಡೈಆಕ್ಸೈಡ್ ಸೇರಿಸುತ್ತ, ತಣ್ಣನೆಯ ನೀರಿನಲ್ಲಿ, ಒತ್ತಡದಡಿ ಗಂಟೆಗಟ್ಟಲೆ ಓಡಿಸಬೇಕು. ಅದರ ಆಮ್ಲಜನಕ ಸಂವೇದಕಗಳು ಹಳತಾದಾಗ ದಡದ ಗಾಳಿಯಲ್ಲಿ ಸರಿಯಾದ ಸಂಖ್ಯೆಯನ್ನೇ ತೋರಿಸುತ್ತ, ಹೆಚ್ಚಿನ ಆಮ್ಲಜನಕದ ಒತ್ತಡದಲ್ಲಿ ಮಾತ್ರ ಮೇಲೇರದೆ ನಿಂತುಬಿಡುತ್ತವೆ, ಆಗ ಯಂತ್ರ ಆಮ್ಲಜನಕ ಸಾಲದೆಂದು ತಿಳಿದು ಇನ್ನಷ್ಟು ಸೇರಿಸುತ್ತ ಹೋಗುತ್ತದೆ. ದಡದಲ್ಲಿ ಅಡಗಿ ತಳದಲ್ಲಿ ಎದ್ದುಬರುವ ದೋಷದ ಇನ್ನೊಂದು ರೂಪವಿದು, ಪರಿಣಾಮ ಮಾತ್ರ ಇನ್ನೂ ಭೀಕರ. ಪರೀಕ್ಷಿಸಲಾಗದ ಉಪಕರಣವನ್ನು ಜೀವ ಉಳಿಸುವವರ ಕೈಗೆ ಕೊಡಬಾರದು ಎಂದು ನಾನು ದೃಢವಾಗಿ ನಂಬುತ್ತೇನೆ, ಅದು ಎಷ್ಟೇ ಬೆಲೆಬಾಳುವ ದಾನವಾಗಿದ್ದರೂ.

ದುರಸ್ತಿ ಮತ್ತು ಮರುಪರೀಕ್ಷೆ

ಹಳೆಯ ಶೋಧಕವನ್ನು ತೊಳೆದು ಮತ್ತೆ ಬಳಸುವ ಪ್ರಸ್ತಾಪವಿತ್ತು. ಹೊರಮುಖ ಹೊಳೆದರೂ ಒಳಗಿನ ರಂಧ್ರಗಳು ತೆರೆದಿವೆ ಎಂಬುದಕ್ಕೆ ಖಾತರಿ ಇಲ್ಲದ್ದರಿಂದ ಅದನ್ನು ಎಸೆದು ಹೊಸತನ್ನು ಹಾಕಲಾಯಿತು. ತುಕ್ಕಿನ ಕಣಗಳು ಶೋಧಕವನ್ನು ದಾಟಿ ಒಳಗಿನ ಪೀಠವನ್ನು ಗೀರಿರಬಹುದೆಂದು ಪೀಠವನ್ನೂ ರಬ್ಬರ್ ಉಂಗುರಗಳನ್ನೂ ಬದಲಿಸಿದೆವು. ಮತ್ತೆ ಅದೇ ಬೆಂಚಿನಲ್ಲಿ, ಸಿಲಿಂಡರ್ 80 ಬಾರ್ ಇರುವಾಗ 550 ಲೀಟರಿನ ಹರಿವಿಗೆ ಕೋಣೆಯ ಒತ್ತಡ ಒಂದೆರಡು ಬಾರ್ ಮಾತ್ರ ಇಳಿಯಿತು, ಮಧ್ಯಂತರ ಒತ್ತಡ 8.4ರಲ್ಲಿ ನಿಂತಿತು. 50 ಬಾರಿನಲ್ಲಿಯೂ ಕುಸಿತವಿರಲಿಲ್ಲ.

ತಂಡಕ್ಕೆ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಒಂದು ತಪಾಸಣೆ ಹಾಳೆ ಮಾಡಿಕೊಟ್ಟೆವು. ನೀರಿಗಿಳಿಯುವ ಮೊದಲು ಎರಡೂ ಬಾಯಿಭಾಗಗಳ, ಗಾಳಿಯನ್ನು ಹೊರಕ್ಕೆ ಬಿಡುವ ಗುಂಡಿಯನ್ನು ಒಟ್ಟಿಗೆ ಒತ್ತಿಹಿಡಿದು ಗೇಜಿನ ಮುಳ್ಳನ್ನು ನೋಡಬೇಕು, ಮುಳ್ಳು ಕುಸಿದು ಮರಳಿದರೆ ಆ ಸೆಟ್ಟು ನೀರಿಗಿಲ್ಲ ಎಂಬುದು ಅದರ ಮೊದಲ ಸಾಲು. ಇದಕ್ಕೆ ಪ್ರಯೋಗಾಲಯ ಬೇಡ, ಕೆಲವೇ ಸೆಕೆಂಡು ಸಾಕು. ಆದರೆ ಇದನ್ನು ತುಂಬಿದ ಸಿಲಿಂಡರಿನಲ್ಲಿ ಮಾಡಿದರೆ ಲಕ್ಷಣ ಮಸುಕಾಗಿರುತ್ತದೆ. ಆದ್ದರಿಂದ ಕೆಲಸ ಮುಗಿಸಿ ಬಂದ ಮೇಲೆ, ಗಾಳಿ ಕಡಿಮೆ ಇರುವಾಗ, ಮತ್ತೊಮ್ಮೆ ಮಾಡಿ ಬರೆದಿಡಬೇಕು ಎಂದು ಸೇರಿಸಿದ್ದೇವೆ. ಮುಳುಗಿದವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಲು ಹಾಳೆಯ ಕೆಳಗೆ ಜಾಗ ಬಿಟ್ಟಿದೆ. ಉಳಿದ ಸೆಟ್ಟುಗಳ ಶೋಧಕಗಳನ್ನು ತೆಗೆದು ನೋಡಿದಾಗ ಇನ್ನೊಂದರಲ್ಲಿಯೂ ಕೆಂಗಂದು ಪುಡಿ ಕಾಣಿಸಿತು, ಅಷ್ಟು ದಟ್ಟವಾಗಿ ಅಲ್ಲ. ಆ ಸಿಲಿಂಡರನ್ನೂ ಮೊದಲನೆಯದರ ಜೊತೆ ಮಾನ್ಯತೆ ಪಡೆದ ಕೇಂದ್ರಕ್ಕೆ ಕಳುಹಿಸಲಾಗಿದೆ. ಪ್ರಮಾಣಪತ್ರ ಕೈಸೇರುವವರೆಗೆ ಎರಡಕ್ಕೂ ಗಾಳಿ ತುಂಬಿಸುವುದಿಲ್ಲ ಎಂದು ತಂಡ ತೀರ್ಮಾನಿಸಿದೆ.